ಮೂರು ತಾಸಿನ ಗುವಾಹಟಿ

ಸುದ್ದಿ ಬಂದಾಗ ನಾನು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಕೌದಿ ಹೊಲಿಯುತ್ತಿದ್ದೆ. ಇನ್ನೂ ಹುಟ್ಟದ ಮೊಮ್ಮಗುವಿಗೆ. ಅತ್ತೆಯವರ ಎರಡು ಹಳೆಯ ಇಲಕಲ್ ಸೀರೆ, ನನ್ನದೊಂದು, ಮಗಳು ಸಾಲೆಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಲಂಗ, ಇಷ್ಟನ್ನೂ ಒಗೆದು, ಒಣಗಿಸಿ, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸುತ್ತು ಸುತ್ತಾಗಿ ದಾರ ಎಳೆಯುತ್ತ ಬಂದಿದ್ದೆ. ನನ್ನ ತವರು ಕಟಕೋಳದಲ್ಲಿ ಕೌದಿಗೆ ಒಂದು ಪದ್ಧತಿಯಿದೆ. ಒಂದು ಮೂಲೆಯಲ್ಲಿ ನಾಲ್ಕು ಬೆರಳಷ್ಟು ಬಾಯಿ ಬಿಟ್ಟಿರುತ್ತಾರೆ. ಉಳಿದದ್ದೆಲ್ಲ ಮುಗಿದ ಮೇಲೆ ಆ ಬಾಯಿಗೆ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿದು ಮುಚ್ಚುತ್ತಾರೆ. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಅನ್ನುವ ನಂಬಿಕೆ. ಆ ಬಾಯಿಯೊಂದು ಉಳಿದಿತ್ತು. ಅವಸರವಿರಲಿಲ್ಲ. ಮಗಳು ಮುಂದಿನ ವಾರ ಬರುವವಳಿದ್ದಳು. ಚೊಚ್ಚಲ ಬಾಣಂತನ, ತವರಿನಲ್ಲೇ ಆಗಬೇಕು. ಹೆರಿಗೆಗೆ ಇನ್ನೂ ಒಂದೂವರೆ ತಿಂಗಳಿತ್ತು.

ಫೋನು ಎತ್ತಿದವರು ನಮ್ಮ ಮನೆಯವರು. ಎರಡು ಸಲ "ಹಾಂ, ಹಾಂ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹೆಣ್ಣು ಕೂಸಂತ. ನಸುಕಿನ್ಯಾಗ ಆಗೇತಿ" ಅಂದರು. ಮುಖದಲ್ಲಿ ನಗು ಬರಬೇಕೋ ಬೇಡವೋ ಎಂದು ಕೇಳುವಂತೆ ನಿಂತಿದ್ದರು.

ಅಳಿಯ ಸೈನಿಕ. ಗುವಾಹಟಿಯಲ್ಲಿ ಕ್ವಾರ್ಟರ್ಸ್ ಕೊಟ್ಟಿದ್ದಾರೆ, ಆದರೆ ಆ ಹೊತ್ತಿಗೆ ಅವನು ಮೇಲೆ ಗಡಿಯ ಗುಡ್ಡದಲ್ಲಿದ್ದ. ರಜೆ ಸಿಕ್ಕರೂ ಕೆಳಗಿಳಿದು ಬರಲು ನಾಲ್ಕು ದಿನ. ಮಗಳನ್ನು ಆಸ್ಪತ್ರೆಗೆ ಸೇರಿಸಿದವಳು ಪಕ್ಕದ ಮನೆಯ ಪಂಜಾಬಿ ಹೆಣ್ಣುಮಗಳು. ಕೂಸು ಅಂಗೈಯಷ್ಟಿದೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಉಸಿರಾಡುತ್ತಿದೆ. ಉಸಿರಾಡುತ್ತಿದೆ ಅನ್ನುವ ಮಾತನ್ನು ಕೇಳಿ ಸೂಜಿಯನ್ನು ಕೌದಿಗೆ ಚುಚ್ಚಿ ಕೈ ಮುಗಿದೆ. ಅದು ಆ ದಿನದ ಮೊದಲನೆಯ ಪುಣ್ಯ.

ನಾನು ಫೋನು ತೆಗೆದುಕೊಂಡೆ. ಮಗಳ ದನಿ ಬಾವಿಯೊಳಗಿನಿಂದ ಬಂದಂತಿತ್ತು.

"ಯವ್ವಾ, ಕೂಸಿನ್ನ ನಾ ಇನ್ನೂ ನೋಡಿಲ್ಲ."

"ಯಾಕವಾ? ಎದ್ದು ಅಡ್ಡಾಡಾಕ ಬರವಲ್ದೇನು?"

"ಬರತೈತಿ. ನರ್ಸಮ್ಮಾರು ಕರಿಯಾಕ ಹತ್ಯಾರ. ಹಾಲು ಹಿಂಡಿ ಕೊಡಬೇಕಂತ. ನನಗ ಅಂಜಿಕಿ ಬರತೈತಿ ಯವ್ವಾ. ಮೈತುಂಬ ನಳಿಗಿ ಹಾಕ್ಯಾರಂತ. ನಾ ಒಬ್ಬಾಕೀನ ಹೋಗಿ ನೋಡೂದಿಲ್ಲ. ನೀ ಬಾ. ನೀ ಬಂದ ಮ್ಯಾಲೆ ನೋಡತೇನಿ."

ನಮ್ಮ ಮನೆಯವರು ಅಷ್ಟರಲ್ಲಿ ಇನ್ನೊಂದು ಮೊಬೈಲಿನಲ್ಲಿ ಹುಡುಕಿದ್ದರು. ಅವರು ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವರು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಅವರ ದಾರಿ. ಯಾವ ಸ್ಟಾಪಿನಿಂದ ಯಾವ ಸ್ಟಾಪಿಗೆ ಎಷ್ಟು ಕಿಲೋಮೀಟರು, ಎಷ್ಟು ನಿಮಿಷ ಎಂದು ಇವತ್ತಿಗೂ ನಿದ್ದೆಗಣ್ಣಿನಲ್ಲಿ ಹೇಳುತ್ತಾರೆ. ಊರಿನವರು ಮದುವೆಗೆ ಹೊರಡುವ ಮೊದಲು ಅವರನ್ನು ಕೇಳಿಯೇ ಹೊರಡುತ್ತಾರೆ. ಈಗ ಕನ್ನಡಕ ಏರಿಸಿ ಓದಿದರು:

"ಬೆಳಗಾವಿಯಿಂದ ಗುವಾಹಟಿ, ವಿಮಾನದ ಅಂತರ ಎರಡ ಸಾವಿರದ ನೂರ ಕಿಲೋಮೀಟರ್. ಮೂರ ತಾಸಿನ ದಾರಿ ಅಷ್ಟ!" ನನ್ನ ಕೈಯಿಂದ ಫೋನು ಕಸಿದುಕೊಂಡು ಮಗಳಿಗೂ ಹೇಳಿದರು: "ತಂಗಿ, ಹೆದರಬ್ಯಾಡ. ಸಂಜಿಗೆ ನಿಮ್ಮವ್ವ ನಿನ್ನ ಮುಂದ ಇರತಾಳ."

ಮಂಚದ ಮೇಲಿದ್ದ ಅತ್ತೆ ಮಗ್ಗುಲಾಗಿ, "ಏ ಮಗನ, ಸುರೇಬಾನಕ್ಕ ಹೋಗಿ ಬರಾಕ ಮೂರ ತಾಸ ಸಾಲಂಗಿಲ್ಲ. ಅದ್ಯಾವ ಊರೋ, ಅಲ್ಲಿಗೆ ಮೂರ ತಾಸಂತ" ಅಂದರು.

"ಯವ್ವಾ, ಇದು ಬಸ್ಸಲ್ಲ, ವಿಮಾನ."

"ನಿನ್ನ ಬಸ್ಸರ ಎಂದ ವ್ಯಾಳ್ಯಾಕ್ಕ ಬಂದಿತ್ತಪಾ?"

ಅತ್ತೆಗೆ ಸೊಂಟ ಬಿದ್ದು ಎರಡು ವರ್ಷ. ಅವರನ್ನು ಎತ್ತಿ ಕೂರಿಸಲು ಒಬ್ಬರು ಬೇಕೇ ಬೇಕು. ಹಾಗಾಗಿ ಇವರು ಮನೆಯಲ್ಲಿ, ನಾನು ಗುವಾಹಟಿಗೆ. ಯಾರೂ ಕುಳಿತು ತೀರ್ಮಾನಿಸಲಿಲ್ಲ, ತಾನಾಗಿ ಆಯಿತು. ಅಲ್ಲಿಯವರೆಗೆ ನಾನು ಒಬ್ಬಳೇ ಹೋದ ಅತಿ ದೂರದ ಊರು ಧಾರವಾಡ.

ಇವರು ಬಸ್‌ಸ್ಟ್ಯಾಂಡಿನ ಹತ್ತಿರ ಟಿಕೆಟ್ ತೆಗೆದುಕೊಡುವ ಅಂಗಡಿಗೆ ಓಡಿದರು. ನಾನು ಬುತ್ತಿ ಕಟ್ಟಲು ಕುಳಿತೆ. ನಮ್ಮ ಕಡೆ ದಾರಿಯ ದೂರವನ್ನು ಬುತ್ತಿಯಲ್ಲೇ ಅಳೆಯುವುದು: ಒಂದು ಹೊತ್ತಿನ ದಾರಿಯೋ, ಎರಡು ಹೊತ್ತಿನದೋ. ಮೂರು ತಾಸೆಂದರೆ ಒಂದು ಹೊತ್ತೂ ಅಲ್ಲ. ಎರಡು ರೊಟ್ಟಿ, ಶೇಂಗಾ ಚಟ್ನಿ ಸಾಕು ಅಂದುಕೊಂಡೆ. ಬಾಣಂತಿಗೆಂದು ಅಂಟಿನ ಉಂಡಿ, ಪಾಯಸಕ್ಕೆ ಅಳವಿ ಬೀಜ, ಬಜೆ ಬೇರು, ಎಲ್ಲಮ್ಮನ ಗುಡ್ಡದ ಭಂಡಾರದ ಅರಿಶಿನ ಬೇರೆ ಚೀಲದಲ್ಲಿ. ಅತ್ತೆ ಮಂಚದಿಂದಲೇ, "ಒಣರೊಟ್ಟಿ ಹತ್ತ ಇಟ್ಕೋವಾ. ಅವಂದು ಕೇಳಬ್ಯಾಡ" ಅಂದರು. ಅವರ ಸಮಾಧಾನಕ್ಕೆ ಇಟ್ಟುಕೊಂಡೆ. ಕೌದಿಯನ್ನು ಮಡಚುವಾಗ ಮತ್ತೆ ಕೂಗಿದರು: "ಹಸದ ಕೌದಿ ಒಯ್ಯಾಕ ಹತ್ತಿದಿ."

"ಹೊಲಿಯಾಕ ಹೊತ್ತಿಲ್ಲರಿ ಅತ್ತಿ."

"ಇರವಲ್ದ್ಯಾಕ. ಅಲ್ಲೇ ಉಣಿಸು. ಈ ಮನಿ ರೊಟ್ಟೀನ ಉಣಿಸು ಮತ್ತ."

ಇವರು ಅಂಗಡಿಯಿಂದ ಬಂದಾಗ ಮುಖ ಸಪ್ಪಗಿತ್ತು. ಬಾಗಿಲಲ್ಲೇ ನಿಂತು ಚಪ್ಪಲಿ ಬಿಡುವುದನ್ನು ಮರೆತಿದ್ದರು.

"ಅದು ಹಗ್ಗ ಹಿಡದ ಅಳದ ಲೆಕ್ಕಂತ" ಅಂದರು. "ಈ ಊರಿಂದ ಆ ಊರಿಗೆ ನೆಟ್ಟಗ ಹಗ್ಗ ಎಳದ್ರ ಎಷ್ಟ ಆಗತೈತಿ, ಅಷ್ಟ ಹೇಳತೈತಂತ ಆ ಫೋನು. ಆ ಹಗ್ಗದ ಮ್ಯಾಲೆ ವಿಮಾನ ಇಲ್ಲ. ಇವತ್ತ ಮಧ್ಯಾಹ್ನ ಬೆಂಗಳೂರು. ಅಲ್ಲಿ ರಾತ್ರಿಯೆಲ್ಲಾ ಕುಂದ್ರಬೇಕು. ನಾಳೆ ಮುಂಜಾನೆ ಇನ್ನೊಂದ."

ಉತ್ತರಕ್ಕೆ ಹೋಗಲು ಮೊದಲು ದಕ್ಷಿಣಕ್ಕೆ ಹೋಗಬೇಕು. ನನಗೆ ಅದು ವಿಚಿತ್ರವೆನಿಸಲಿಲ್ಲ. ರಾಮದುರ್ಗದ ಬಸ್ಸು ತಪ್ಪಿದರೆ ನಾವೂ ಸವದತ್ತಿಗೆ ಹೋಗಿಯೇ ಹೋಗುತ್ತಿದ್ದೆವು. ಇವರಿಗೆ ಮಾತ್ರ ತಡೆಯಲಾಗಲಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬ ಪ್ಯಾಸೆಂಜರಿಗೂ ತಪ್ಪು ಹೊತ್ತು ಹೇಳಿದವರಲ್ಲ. ಹೇಳಿದ್ದು ಹೆತ್ತ ಮಗಳಿಗೆ.

"ಆಕಿಗೆ ಫೋನ್ ಹಚ್ಚಿ ಹೇಳತೇನಿ" ಅಂದರು.

"ಈಗ ಬ್ಯಾಡ್ರಿ" ಅಂದೆ ನಾನು. "ಸಂಜಿತನಕ ಆ ಆಸೆ ಮ್ಯಾಲರ ಇರಲಿ. ನಾನ ಹೇಳತೇನಿ."

ತಪ್ಪು ಅವರದಾಗಿತ್ತು. ಆ ಮಾತಿನಿಂದ ಅದು ನನ್ನದೂ ಆಯಿತು.

ಬೆಳಗಾವಿಯ ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ಪೆಟ್ಟಿಗೆಯಂಥ ಯಂತ್ರದೊಳಗೆ ಬಿಟ್ಟು ನೋಡುತ್ತಾರೆ. ನನ್ನ ಕೌದಿಯನ್ನು ಪಕ್ಕಕ್ಕೆ ತೆಗೆದರು. ಬೆಳಿಗ್ಗೆ ಚುಚ್ಚಿದ ಸೂಜಿ ಹಾಗೇ ಇತ್ತು, ನನಗೆ ನೆನಪೇ ಇರಲಿಲ್ಲ. ತಪಾಸಣೆಗೆ ನಿಂತಿದ್ದ ಹೆಣ್ಣುಮಗಳು ಕೈ ಮುಂದೆ ಮಾಡಿದಳು.

"ಇದನ್ನ ಒಯ್ಯಾಕ ಬಿಡೂದಿಲ್ಲರಿ ಯಕ್ಕಾರ. ಕೊಡ್ರಿ ಇಲ್ಲಿ."

ನಾನು ಕೊಡಲು ಹೋಗಿ ಕೈ ಹಿಂದೆ ತೆಗೆದೆ. "ಸೂಜಿ ಕೈಯಾಗ ಕೊಡಬಾರದವಾ. ಜಗಳ ಆಗತಾವ."

"ನನಗೂ ಗೊತ್ತೈತ್ರಿ" ಎಂದು ನಕ್ಕಳು. "ಆ ತಾಟಿನ್ಯಾಗ ಇಡ್ರಿ, ನಾ ತಗೋತೇನಿ." ಆಮೇಲೆ ಭಂಡಾರದ ಪುಡಿಕೆ ಬಿಚ್ಚಿದಳು. "ಇದೇನ್ರಿ?"

"ಗುಡ್ಡದ ಭಂಡಾರವಾ. ಮೊಮ್ಮಗಳಿಗೆ."

ಅವಳು ಆಚೆ ಈಚೆ ನೋಡಿ ಹಣೆ ಮುಂದೆ ಬಾಗಿಸಿದಳು. "ನನಗೂ ಒಂಚೂರ ಹಚ್ಚರಿ. ನನ್ನ ಗಂಡನ ಮನಿ ಗುಡ್ಡದ ಬುಡಕ, ಉಗರಗೋಳರಿ."

ಹಚ್ಚಿದೆ. ನನ್ನ ಹಣೆಗೂ ಇಟ್ಟುಕೊಂಡೆ. ಅವಳ ಟೊಪ್ಪಿಗೆಯ ಕೆಳಗೆ ಹಳದಿ ಹೊಳೆಯಿತು. ಸೂಜಿ ಹೋಯಿತು, ಅದರ ಬದಲು ಆ ಹಣೆ ಸಿಕ್ಕಿತು ಅಂದುಕೊಂಡು ಒಳಗೆ ನಡೆದೆ.

ವಿಮಾನ ನೆಲ ಬಿಟ್ಟಾಗ ಬಾಯಿಂದ ತಾನಾಗಿ ಎಲ್ಲಮ್ಮನ "ಉಧೋ" ಬಂತು. ಪಕ್ಕದವರು ತಿರುಗಿ ನೋಡಿದರು. ಮೇಲಿನಿಂದ ನೋಡಿದರೆ ಹೊಲಗಳು ಕೌದಿಯ ಹಾಗೆ ಕಾಣುತ್ತವೆ ಎಂದು ಯಾರೋ ಹೇಳಿದ್ದರು. ನನಗೆ ಹಾಗೇನೂ ಕಾಣಲಿಲ್ಲ. ಸಗಣಿಯಿಂದ ಸಾರಿಸಿ ಇನ್ನೂ ಆರದ ಅಂಗಳದ ಹಾಗೆ ಕಂಡಿತು, ಅಲ್ಲಲ್ಲಿ ಹಸಿ, ಅಲ್ಲಲ್ಲಿ ಒಣ. ನಡುವೆ ಬೆಳ್ಳಗೆ ಹರಿದದ್ದು ಮಲಪ್ರಭೆಯೋ ಬೇರೆ ಹೊಳೆಯೋ ತಿಳಿಯಲಿಲ್ಲ. ಮಲಪ್ರಭೆಯೆಂದೇ ಕೈ ಮುಗಿದೆ. ಬೇರೆ ಹೊಳೆಯಾಗಿದ್ದರೂ ಮುನಿಸಿಕೊಳ್ಳುವುದಿಲ್ಲ.

ಬೆಂಗಳೂರಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಮನೆಯಲ್ಲಾಗಿದ್ದರೆ ದೇವರ ಮುಂದೆ ಕೂರುವ ಸಮಯ. ಆ ನಿಲ್ದಾಣದಲ್ಲಿ ಎಲ್ಲ ಕಡೆ ದೀಪವೇ, ಯಾವುದಕ್ಕೆ ಕೈ ಮುಗಿಯಬೇಕೋ ಗೊತ್ತಾಗದು. ಗೋಡೆಗೆ ಹೊಂದಿದ ಕುರ್ಚಿಯಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಫೋನು ಬಂತು.

"ಯವ್ವಾ, ಇಳದ್ಯಾ?"

"ಇಳದೇನಿ."

"ಹಂಗಾರ ಲಗೂನ ಬಾ. ಎರಡನೇ ಅಂತಸ್ತಿನ್ಯಾಗ ಅದೇನಿ. ನರ್ಸಮ್ಮ ನಾಕ ಸಲ ಬಂದ್ಲು. ನಮ್ಮವ್ವ ಬರಾಕ ಹತ್ಯಾಳ ಅಂತ ಹೇಳೇನಿ."

"ತಂಗಿ, ನಾ ಇಳದದ್ದು ಬೆಂಗಳೂರಾಗ. ಅಲ್ಲಿಗೆ ಬರೂದು ನಾಳೆ ಮುಂಜಾನಿ."

ಆ ಕಡೆ ಯಾವುದೋ ಯಂತ್ರ ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು.

"ಅಪ್ಪ ಮೂರ ತಾಸಂದಿದ್ನಲ್ಲ?"

"ನಿಮ್ಮಪ್ಪಗ ತಪ್ಪ ತಿಳದಿತ್ತು. ಆದ್ರ ನಾ ಮನಿ ಬಿಡೂ ಮೊದಲ ಖರೇದು ಗೊತ್ತಾಗಿತ್ತು. ಹೇಳಬ್ಯಾಡ್ರಿ ಅಂದಾಕಿ ನಾನ."

"ಅಂದ್ರ, ದಿನಾಪೂರ್ತಿ ನಾ ಬಾಗಲಾ ನೋಡಕೋತ ಕುಂತಿದ್ದು ಸುಳ್ಳಿನ್ಯಾಗನ ಏನಬೇ?"

ಸಿಟ್ಟು ಬಂದರೆ ಅವಳು ನನ್ನನ್ನು "ಬೇ" ಅನ್ನುತ್ತಾಳೆ. ಸಣ್ಣವಳಿದ್ದಾಗಿನಿಂದ ಹಾಗೆ. ಅದನ್ನು ಕೇಳಿ ನನಗೆ ಯಾಕೋ ಧೈರ್ಯ ಬಂತು. ಸಿಟ್ಟಾಗುವಷ್ಟು ಶಕ್ತಿ ಮೈಯಲ್ಲಿದೆಯಲ್ಲ.

"ನೀ ಬಾಗಲಾ ನೋಡಿದಿ" ಅಂದೆ. "ಕೂಸೂ ಮುಂಜಾನಿಂದ ಬಾಗಲಾ ನೋಡಕೋತ ಮಲಗೇತಿ. ಅದು ನನ್ನ ಹಾದಿ ಕಾಯವಲ್ದು ತಂಗಿ. ನಾ ಯಾರಂತನ ಅದಕ್ಕ ಗೊತ್ತಿಲ್ಲ. ನಿನ್ನ ಹಾಸಿಗಿಯಿಂದ ಆ ಪೆಟಗಿ ಎಷ್ಟ ದೂರ ಐತಿ?"

"ಯಾಕ?"

"ಹೇಳು."

"ಇಪ್ಪತ್ತ ಹೆಜ್ಜಿ ಇರಬೇಕು."

"ಆ ಇಪ್ಪತ್ತ ಹೆಜ್ಜಿ ನೀ ನಡಿ. ಉಳದ ಎರಡ ಸಾವಿರ ಕಿಲೋಮೀಟರ ನಾ ಬರತೇನಿ."

ಅವಳು ಫೋನು ಇಟ್ಟಳು. ಮರಳಿ ನಾನು ಹಚ್ಚಿದರೆ ಎತ್ತಲಿಲ್ಲ. ಎರಡು ರೊಟ್ಟಿ ಅಲ್ಲಿಗೇ ಮುಗಿದಿದ್ದವು. ಅತ್ತೆಯ ಮಾತಿಗೆ ಕಟ್ಟಿಕೊಂಡ ಒಣರೊಟ್ಟಿ ಮುರಿದು ತಿಂದೆ, ಒಂದನ್ನು ಕೌದಿಯ ಬಾಯಿಗೆಂದು ಬೇರೆ ತೆಗೆದಿಟ್ಟೆ. ಆ ರಾತ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಳಿತೆ, ಎದ್ದೆ, ಮತ್ತೆ ಕುಳಿತೆ. ಎದುರಿನ ಕುರ್ಚಿಯ ಹೆಂಗಸೊಬ್ಬಳು ಕೇಳದೆಯೇ ನೀರಿನ ಬಾಟಲಿ ತುಂಬಿಸಿ ತಂದುಕೊಟ್ಟಳು.

ಬೆಳಗಿನ ವಿಮಾನದಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊರಗೆ ನೆಲವೇ ಇರಲಿಲ್ಲ. ಆಗತಾನೆ ಬಿಲ್ಲಿನಿಂದ ಹಿಂಜಿ ಗುಡ್ಡೆ ಹಾಕಿದ ಅರಳೆಯಂತೆ ಮೋಡ, ಅದರ ಮೇಲೆ ಎಳೆಬಿಸಿಲು. ಇಷ್ಟು ವೇಗವಾಗಿ ಹೋಗುತ್ತಿದೆ ಅನ್ನುತ್ತಾರೆ, ಆದರೆ ಎಲ್ಲವೂ ನಿಂತೇ ಇದ್ದಂತಿತ್ತು. ಬಸ್ಸಿನಲ್ಲಾದರೆ ಬೇಲಿ ಓಡುತ್ತದೆ, ಎಮ್ಮೆ ಓಡುತ್ತದೆ, ಹೋಗುತ್ತಿದ್ದೇವೆ ಎಂದು ತಿಳಿಯುತ್ತದೆ. ಇಲ್ಲಿ ಹೋಗುತ್ತಿದ್ದೇನೋ, ಯಾರೋ ತೂಗುಮಂಚದಲ್ಲಿ ಮರೆತು ಬಿಟ್ಟಿದ್ದಾರೋ ತಿಳಿಯದು.

ಕಣ್ಣು ಹತ್ತಿತೋ ಏನೋ. ನನ್ನ ಅವ್ವ ಮೋಡದ ಮೇಲೆ ನಡೆಯುತ್ತಿದ್ದಳು. ತಲೆಯ ಮೇಲೆ ಬುತ್ತಿಗಂಟು, ಕಚ್ಚೆಯ ಸೀರೆ, ಬರಿಗಾಲು. ನಾನು ಏಳೆಂಟು ವರ್ಷದವಳು, ಅವಳ ಸೆರಗು ಹಿಡಿದಿದ್ದೆ. ಕಟಕೋಳದಿಂದ ಎಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತು ನಡೆದ ದಾರಿಯದು. ಗುಡ್ಡ ಕಂಡ ಕೂಡಲೇ ನಾನು ಕುಣಿದಿದ್ದೆ, ಬಂದೇ ಬಿಟ್ಟಿತು ಎಂದು. ಆಮೇಲೆ ಎಷ್ಟು ನಡೆದರೂ ಅದು ಅಲ್ಲೇ ಇತ್ತು. ದಾರಿ ಹಳ್ಳಕ್ಕೆ ಇಳಿದಾಗ ಮರೆಯಾಗುತ್ತಿತ್ತು, ಹತ್ತಿದಾಗ ಮತ್ತೆ ಕಾಣುತ್ತಿತ್ತು, ಅಷ್ಟೇ ದೂರದಲ್ಲಿ. ಉಗರಗೋಳ ಬರುವಷ್ಟರಲ್ಲಿ ಅಳತೊಡಗಿದ್ದೆ. ಅವ್ವ ಎತ್ತಿಕೊಳ್ಳಲಿಲ್ಲ. "ಗುಡ್ಡ ಎಲ್ಲಿಗೂ ಓಡಿ ಹೋಗೂದಿಲ್ಲ, ನೀ ಕಾಲ ನೋಡಕೋತ ನಡಿ" ಅಂದಿದ್ದಳು. ಆ ದಿನ ಅವಳ ಮೇಲೆ ಬಹಳ ಸಿಟ್ಟು ಬಂದಿತ್ತು. ಎತ್ತಿಕೊಳ್ಳಬಹುದಿತ್ತಲ್ಲ ಎಂದು. ಮೆಟ್ಟಿಲನ್ನು ನಾನೇ ಹತ್ತಿ, ಎಲ್ಲಮ್ಮ ತಾಯಿಯ ಮುಂದೆ ನಿಂತು, ಅವ್ವನಿಗಿಂತ ಮೊದಲು ನಾನೇ ಕೈ ಮುಗಿದಿದ್ದೆ. ಅದು ನನಗೆ ಇಷ್ಟು ವರ್ಷ ಮರೆತೇ ಹೋಗಿತ್ತು.

ಎಚ್ಚರವಾದಾಗ ವಿಮಾನ ಕೆಳಗಿಳಿಯುತ್ತಿತ್ತು. ಮೋಡ ಹರಿದು ದೊಡ್ಡದೊಂದು ನದಿ ಕಂಡಿತು, ದಂಡೆಯೇ ಕಾಣದಷ್ಟು ಅಗಲ. ಮಗಳು ಎದ್ದು ನಡೆದಳೋ ಇಲ್ಲವೋ, ಆ ಗಳಿಗೆಯಲ್ಲೂ ನನಗೆ ಗೊತ್ತಿರಲಿಲ್ಲ. ಮೂರು ತಾಸಿಗೆ ಹತ್ತು ನಿಮಿಷ ಕಡಿಮೆ ಆಗಿತ್ತು. ಇವರ ಮೂರು ತಾಸು ಪೂರ್ತಿ ಸುಳ್ಳಾಗಿರಲಿಲ್ಲ, ಹಿಂದೆ ಮುಂದೆ ಇರುವುದನ್ನು ಆ ಫೋನು ಹೇಳಿರಲಿಲ್ಲ ಅಷ್ಟೇ.

ಪಂಜಾಬಿ ಹೆಣ್ಣುಮಗಳು ನಿಲ್ದಾಣದ ಹೊರಗೆ ಕಾಯುತ್ತಿದ್ದಳು. ನನ್ನ ಭಂಡಾರದ ಹಣೆ ನೋಡಿಯೇ ಗುರುತು ಹಿಡಿದಳಂತೆ, ಮಗಳು ಆಮೇಲೆ ಹೇಳಿದಳು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಕೂಸು ಹೇಗಿದೆ ಎಂದು ಎರಡು ಅಂಗೈ ಜೋಡಿಸಿ ತೂಗಿ ಕೇಳಿದೆ. ಅವಳು ತಲೆಯಾಡಿಸಿ ನಕ್ಕಳು. ಅಷ್ಟು ಸಾಕಾಯಿತು.

ಎರಡನೆಯ ಅಂತಸ್ತು. ಮಗಳ ಹಾಸಿಗೆ ಖಾಲಿ ಇತ್ತು.

ನರ್ಸು ಬಾಗಿಲಿನ ಕಡೆ ಬೆರಳು ತೋರಿಸಿದಳು. ಕೈ ತೊಳೆಸಿ, ಮೇಲೊಂದು ಹಸಿರು ನಿಲುವಂಗಿ ಹಾಕಿಸಿ ಒಳಗೆ ಬಿಟ್ಟರು. ನಾನು ಹೆಜ್ಜೆ ಎಣಿಸಿದೆ. ಇಪ್ಪತ್ತಲ್ಲ, ಮೂವತ್ತೊಂದು. ಅಪ್ಪನ ಮಗಳೇ ಸರಿ.

ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದಳು. ಪೆಟ್ಟಿಗೆಗೆ ಕೈ ಹಾಕುವಷ್ಟು ದುಂಡನೆಯ ಕಿಂಡಿ. ಅದರೊಳಗೆ ಒಂದು ಬೆರಳು ಚಾಚಿದ್ದಳು. ಆ ಬೆರಳಿನ ತುದಿಯನ್ನು ಕೂಸು ಹಿಡಿದಿತ್ತು. ಕೂಸಿನ ಇಡೀ ಮುಷ್ಟಿ ಅವಳ ಒಂದು ಉಗುರಿನಷ್ಟಿತ್ತು. ನಾನು ಇಷ್ಟು ದೂರ ಬಂದದ್ದು ಅವಳ ಭುಜ ಹಿಡಿದು ನಿಲ್ಲಲು. "ತಂಗಿ" ಎಂದು ಬಾಯಿ ತೆರೆದೆ.

ಅವಳು ತಿರುಗದೆಯೇ ಇನ್ನೊಂದು ಕೈಯೆತ್ತಿ ತಡೆದಳು.

"ಸಾವಕಾಶ ಯವ್ವಾ. ಈಗಷ್ಟ ಮಲಗೇತಿ."

ಬಾಗಿಲ ಹತ್ತಿರವೇ ನಿಂತುಬಿಟ್ಟೆ. ಆಮೇಲೆ ಹೇಳಿದಳು, ಫೋನು ಇಟ್ಟ ಮೇಲೆ ಬಹಳ ಹೊತ್ತು ಅತ್ತಳಂತೆ. ಆ ರಾತ್ರಿ ಇನ್ನು ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಕೂರಲಾಗಲಿಲ್ಲವಂತೆ. "ನೀ ಸಂಜಿಗೆ ಬಂದಿದ್ರ ನಿನ್ನ ಬೆನ್ನ ಹಿಂದ ನಿಂತ ನೋಡತಿದ್ನಿ. ಕಣ್ಣ ಮುಚ್ಚತಿದ್ನೋ ಏನೋ" ಅಂದಳು. ಅಷ್ಟು ಹೊತ್ತಿಗೆ ಅವಳ ಹಾಲನ್ನು ಹನಿಹನಿಯಾಗಿ ಕೂಸಿಗೆ ನಾಲ್ಕು ಸಲ ಕೊಟ್ಟಿದ್ದರು. ದಾರಿಯುದ್ದಕ್ಕೂ ಸಣ್ಣಪುಟ್ಟ ಪುಣ್ಯಗಳನ್ನು ಲೆಕ್ಕ ಹಿಡಿಯುತ್ತ ಬಂದವಳು ನಾನು. ಎಲ್ಲಕ್ಕಿಂತ ದೊಡ್ಡದು ನಮ್ಮ ಮನೆಯವರ ತಪ್ಪು ಲೆಕ್ಕದೊಳಗೆ ಕೂತಿತ್ತೆಂದು ಆಗ ತಿಳಿಯಿತು. ಆದರೂ ಅವಳಿಗೆ ಹೇಳದೆ ಬಂದದ್ದು ಸರಿ ಎಂದು ಇವತ್ತಿಗೂ ಅನ್ನುವುದಿಲ್ಲ. ಎಲ್ಲಮ್ಮ ಅದನ್ನು ನೆಟ್ಟಗೆ ಮಾಡಿದಳು, ಅದು ಅವಳ ದೊಡ್ಡತನ.

ನಾಲ್ಕನೆಯ ದಿನ ಅಳಿಯ ಬಂದ. ಹದಿನೆಂಟನೆಯ ದಿನ ಕೂಸನ್ನು ಪೆಟ್ಟಿಗೆಯಿಂದ ತೆಗೆದು ಮಗಳ ಕೈಗೆ ಕೊಟ್ಟರು. ಹಿಂದಿನ ದಿನ ಪಂಜಾಬಿಯವಳ ಹತ್ತಿರ ಸೂಜಿ ಕೇಳಿದೆ. ಅವಳು ಅದನ್ನು ನೇರವಾಗಿ ನನ್ನ ಕೈಗೇ ಚಾಚಿದಳು. ಒಂದು ಗಳಿಗೆ ತಡೆದೆ. ಆಮೇಲೆ ಕೈಯಲ್ಲೇ ತೆಗೆದುಕೊಂಡೆ. ನಮ್ಮಿಬ್ಬರಿಗೆ ಜಗಳವಾಡಲು ಒಂದು ಭಾಷೆಯಾದರೂ ಬೇಕಲ್ಲ. ತೆಗೆದಿಟ್ಟ ಒಣರೊಟ್ಟಿಯಿಂದ ಒಂದು ಚೂರು ಮುರಿದು ಕೌದಿಯ ಬಾಯಿಗಿಟ್ಟು, ಚಿಟಿಕೆ ಭಂಡಾರ ಹಾಕಿ, ಹೊಲಿದು ಮುಚ್ಚಿದೆ.

ಕೂಸು ಕ್ವಾರ್ಟರ್ಸಿಗೆ ಬಂದ ದಿನವೇ ಇವರ ಫೋನು. ಮೊದಲು ಕೂಸನ್ನು ಕೇಳಿದರು. ಆಮೇಲೆ, "ಅಲ್ಲ, ಮನಿಯಿಂದ ಆ ಆಸ್ಪತ್ರಿಗೆ ಹೋಗಿ ಮುಟ್ಟಾಕ ಒಟ್ಟ ಎಷ್ಟ ತಾಸ ಹಿಡೀತು?" ಎಂದರು. ಹದಿನೆಂಟು ದಿನ ಆ ಪ್ರಶ್ನೆಯನ್ನು ಬಾಯಲ್ಲೇ ಇಟ್ಟುಕೊಂಡಿದ್ದರು ಪಾಪ.

"ಇಪ್ಪತ್ತಮೂರ" ಅಂದೆ.

"ಇಪ್ಪತ್ತಮೂರ" ಎಂದು ಅವರೂ ಮೆಲ್ಲಗೆ ಅಂದರು, ಇನ್ನು ಯಾರೇ ಕೇಳಲಿ ತಪ್ಪಬಾರದು ಎನ್ನುವಂತೆ. ಹಿಂದಿನಿಂದ ಅತ್ತೆ ಕೂಗುತ್ತಿದ್ದರು: "ಕೌದಿ ಉಣಿಸಿದ್ಲೇನು ಕೇಳೋ!"

"ಉಣಿಸೇನಂತ ಹೇಳ್ರಿ" ಅಂದೆ. ಒಲೆಯ ಮೇಲೆ ಅಳವಿ ಪಾಯಸ ಉಕ್ಕುವ ಸದ್ದಾಯಿತು. ಫೋನಿಟ್ಟು ಹೋಗಿ ಉರಿ ಸಣ್ಣ ಮಾಡಿ, ತಳ ಹಿಡಿಯದಂತೆ ಸೌಟು ಆಡಿಸತೊಡಗಿದೆ.